ಬಟರ್, ಬುಟರ್, ಬೆಣ್ಣಿ

ಹೋದ ಮಾರ್ಚ್‌ನ ಒಂದು ಶನಿವಾರ. ಬೆಳಗಿನ ತಿಂಡಿಗೆ ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದೆವು. "ಅಮ್ಮ, ಆ ಬಟರ್ ಈ ಕಡೆ ಕೊಡು" ಅಂದಳು ಮಗಳು. ಕೊಟ್ಟೆ. ಅವಳು ಹಚ್ಚಿಕೊಂಡಳು, ತಿಂದಳು, ಎದ್ದು ಹೋದಳು. ನಾನು ಮಾತ್ರ ಚಹಾದ ಲೋಟ ಹಿಡಿದು ಅಲ್ಲೇ ಕೂತಿದ್ದೆ. ಏನೋ ಒಂದು ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಏನು ಅಂತ ಗೊತ್ತಾಗಲಿಲ್ಲ. ಪಾತ್ರೆ ತೊಳೆಯುವಾಗ ಹೊಳೆಯಿತು. ಅವಳು ಬಟರ್ ಅಂದಿದ್ದಳು. ಮಾತು ಕಲಿತಾಗಿನಿಂದ ಅವಳ ಬಾಯಲ್ಲಿ ಅದು ಬುಟರ್ ಆಗಿತ್ತು.

ಅವಳು ಹುಟ್ಟಿದ್ದು ಶೆಫೀಲ್ಡ್‌ನಲ್ಲಿ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಊರು, ಉಕ್ಕಿಗೆ ಹೆಸರಾದದ್ದು. ಅಲ್ಲಿ ಕಪ್‌ಗೆ ಕುಪ್ ಅನ್ನುತ್ತಾರೆ. ಬಸ್ಸಿಗೆ ಬುಸ್, ಲಂಚ್‌ಗೆ ಲುಂಚ್, ಅಮ್ಮನಿಗೆ ಮುಮ್. ಅವಳಿಗೆ ಎಂಟು ವರ್ಷವಾದಾಗ ಅವರಪ್ಪನ ಕೆಲಸದ ಸಲುವಾಗಿ ನಾವು ದಕ್ಷಿಣಕ್ಕೆ, ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್‌ಗೆ ಬಂದೆವು. ಆಗ ಇಲ್ಲಿಯ ಮಕ್ಕಳ ನಡುವೆ ಅವಳ ದನಿ ದೂರದಿಂದಲೇ ಗೊತ್ತಾಗುತ್ತಿತ್ತು. ಆಟದ ಮೈದಾನದ ಗೇಟಿನ ಹೊರಗೆ ನಿಂತರೂ ಸಾಕು, ಆ ಗಲಾಟೆಯಲ್ಲಿ ಒಂದು "ಕುಮ್ ಆನ್" ಕೇಳಿಸಿದರೆ ಅದು ನನ್ನ ಮಗಳೇ. ಒಂದೂವರೆ ವರ್ಷದಲ್ಲಿ ಅದು ಸದ್ದಿಲ್ಲದೆ ಹೋಗಿದೆ. ಯಾವ ದಿನ ಹೋಯಿತು ಅಂತ ನನಗೆ ಗೊತ್ತಿಲ್ಲ. ಮೊದಲ ಹಲ್ಲು ಬಿದ್ದ ದಿನ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಇದನ್ನು ಬರೆದಿಟ್ಟಿಲ್ಲ.

ಒಂದು ಸ್ವರ ಬದಲಾದದ್ದಕ್ಕೆ ಇಷ್ಟು ಯಾಕೆ ಕೊರಗುತ್ತೇನೆ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಪಿ-ಯು-ಟಿ ಪುಟ್, ಬಿ-ಯು-ಟಿ ಬಟ್

ನಾನು ಧಾರವಾಡದ ಕನ್ನಡ ಶಾಲೆಯಲ್ಲಿ ಓದಿದವಳು. ಇಂಗ್ಲಿಷ್ ಶುರುವಾದದ್ದು ಐದನೇ ಇಯತ್ತೆಯಲ್ಲಿ. ಪಿ-ಯು-ಟಿ ಪುಟ್ ಆದರೆ ಬಿ-ಯು-ಟಿ ಯಾಕೆ ಬುಟ್ ಅಲ್ಲ ಅಂತ ಕೇಳದ ಮಗು ನಮ್ಮ ಕಡೆ ಇರಲಾರದು. ನಾನೂ ಕೇಳಿದೆ. "ಅದು ಹಂಗ ಅದ, ಬಾಯಿಪಾಠ ಮಾಡು" ಅಂದರು ಸರ್. ಬಾಯಿಪಾಠ ಮಾಡಿದೆ. ಇಪ್ಪತ್ತು ವರ್ಷ ಕಳೆದ ಮೇಲೆ ಶೆಫೀಲ್ಡ್‌ನ ಟ್ರಾಮಿನಲ್ಲಿ ಎದುರಿಗೆ ಕೂತ ಅಜ್ಜ ಒಬ್ಬರು ಫೋನಿನಲ್ಲಿ ಮಾತಾಡುತ್ತಾ ಬಿ-ಯು-ಟಿಯನ್ನು ಬುಟ್ ಅಂದದ್ದು ಕೇಳಿದೆ. ಸ್ಪಷ್ಟವಾಗಿ, ಪುಟ್‌ಗೆ ಪ್ರಾಸವಾಗುವ ಹಾಗೆ. ಐದನೇ ಇಯತ್ತೆಯ ಹುಡುಗಿ ಕೇಳಿದ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತು.

ಒಂದು ಕಾಲದಲ್ಲಿ ಇಂಗ್ಲಿಷ್ ಆಡುವವರೆಲ್ಲ ಈ ಪದಗಳಲ್ಲಿ ಉಕಾರವನ್ನೇ ಆಡುತ್ತಿದ್ದರು. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಜನರ ಬಾಯಲ್ಲಿ ಆ ಉಕಾರ ಎರಡಾಗಿ ಒಡೆಯಿತು. ತುಟಿ ಕೂಡಿಸಿ ಹೇಳುವ ಪ, ಬ, ಫಗಳ ಪಕ್ಕದಲ್ಲಿ ಹಳೆಯ ಸ್ವರ ಬಹಳ ಸಲ ಉಳಿಯಿತು, ಆದರೆ ಎಲ್ಲ ಕಡೆಯೂ ಅಲ್ಲ. ಪುಟ್ ಉಳಿಯಿತು, ಬುಟ್ ಬಟ್ ಆಯಿತು. ಪುಡಿಂಗ್ ಉಳಿಯಿತು, ಬುಚರ್ ಉಳಿಯಿತು, ಬುಟರ್ ಹೋಗಿ ಬಟರ್ ಬಂತು. ಕುಪ್ ಹೋಗಿ ಕಪ್ ಬಂತು. ಉತ್ತರ ಇಂಗ್ಲೆಂಡ್ ಮತ್ತು ನಡುಸೀಮೆಯ ಬಹುಭಾಗದ ಜನ ಈ ಬದಲಾವಣೆಯ ಜೊತೆ ಹೋಗಲೇ ಇಲ್ಲ. ಹಾಗಾಗಿ ಶೆಫೀಲ್ಡ್‌ನವರು ಕಪ್ ಅನ್ನು ಕೆಡಿಸಿ ಕುಪ್ ಮಾಡಿದವರಲ್ಲ. ಅವರು ಹಳೆಯದನ್ನು ಇಟ್ಟುಕೊಂಡವರು. ಇದು ಗೊತ್ತಾದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮ ಶಾಲೆಗಳಿಗೆ ಬಂದದ್ದು ದಕ್ಷಿಣದವರ ಮಾದರಿ. ಅವರ ಹೊಸ ಸ್ವರಕ್ಕೆ ನಮ್ಮ ಅಕಾರ ಹತ್ತಿರವಿತ್ತು, ಹಾಗಾಗಿ ಕಪ್, ಬಸ್, ಬಟನ್ ಎಲ್ಲ ಕನ್ನಡದಲ್ಲಿ ಸಲೀಸಾಗಿ ಕೂತವು.

ಅದಾದ ಮೇಲೆ ದಕ್ಷಿಣದವರು ಇನ್ನೊಂದು ಸ್ವರವನ್ನೂ ಬದಲಾಯಿಸಿಕೊಂಡರು. ಗ್ಲ್ಯಾಸ್ ಇದ್ದದ್ದು ಗ್ಲಾಸ್ ಆಯಿತು, ಬ್ಯಾತ್ ಇದ್ದದ್ದು ಬಾತ್ ಆಯಿತು. ಉತ್ತರದವರು ಮತ್ತೆ ಅಲ್ಲೇ ನಿಂತರು. ಅಮೆರಿಕದವರೂ ಹಳೆಯದನ್ನೇ ಆಡುತ್ತಾರೆ. ಅಲ್ಲಿಗೆ ಜನ ಹೋಗಿ ನೆಲೆಸತೊಡಗಿದ್ದು ಈ ಬದಲಾವಣೆಗಿಂತ ಮೊದಲು. ನಾವು ನೀರು ಕುಡಿಯುವ ಗ್ಲಾಸು ದಕ್ಷಿಣ ಇಂಗ್ಲೆಂಡಿನದು. ಪಾಸ್ತಾದ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅಮೆರಿಕದವರು ದೀರ್ಘವಾಗಿ ಪಾಸ್ಟ ಅನ್ನುತ್ತಾರೆ, ಇಂಗ್ಲೆಂಡಿನಲ್ಲಿ ಉತ್ತರ ದಕ್ಷಿಣ ಎರಡೂ ಕಡೆ ಪ್ಯಾಸ್ಟ. ಇನ್ನು ಟೊಮ್ಯಾಟೊ ಹಣ್ಣಿಗೆ ಅಮೆರಿಕದವರು ಟೊಮೇಟೊ, ಇವರು ಟೊಮಾಟೊ. ಸ್ವರಗಳಿಗೆ ಒಂದೇ ನಿಯಮ ಹಾಕಿ ಅಳೆಯಲು ಆಗುವುದಿಲ್ಲ. ಯಾವ ತಿನಿಸು ಯಾವ ಕಾಲಕ್ಕೆ, ಯಾರ ಬಾಯಿಂದ ಬಂತು ಅನ್ನುವುದೂ ಸೇರುತ್ತದೆ.

ಸ್ವರಗಳು ಒಂಟಿಯಾಗಿಯೂ ನಡೆಯುವುದಿಲ್ಲ. ನನ್ನ ಚಿಕ್ಕಮ್ಮನ ಮಗ ಆಕ್ಲೆಂಡ್‌ನಲ್ಲಿದ್ದಾನೆ. ನ್ಯೂಜಿಲೆಂಡ್‌ಗೆ ಹೋದ ಹೊಸದರಲ್ಲಿ ಅಂಗಡಿಯವರು ಪೆನ್ ಇದೆ ಅಂತ ಹೇಳಿ ಬಾಣಲೆ ತೋರಿಸಿದರಂತೆ. ಅವರ ಪ್ಯಾನ್ ನಮಗೆ ಪೆನ್ ಹಾಗೆ ಕೇಳುತ್ತದೆ. ಅವರ ಎಗ್ ಇಗ್‌ಗೆ ಹತ್ತಿರ. ಅವರ ಫಿಶ್ ಮತ್ತು ಚಿಪ್ಸ್ ಹೆಚ್ಚುಕಡಿಮೆ ಫಶ್ ಮತ್ತು ಚಪ್ಸ್. ಬಸ್ಸಿನ ಸೀಟಿನಲ್ಲಿ ಒಬ್ಬರು ಸರಿದರೆ ಪಕ್ಕದವರು ಸರಿಯಬೇಕು, ಅವರು ಸರಿದರೆ ಅವರ ಪಕ್ಕದವರು ಸರಿಯಬೇಕು, ಅಲ್ವಾ? ಹಾಗೆ ಒಂದು ಸ್ವರ ಮೇಲೆ ಸರಿದು ಮುಂದಿನದನ್ನು ತಳ್ಳಿದೆ, ಕೊನೆಯದು ನಡುವಿಗೆ ಬಂದು ಕೂತಿದೆ. ಪಕ್ಕದ ಆಸ್ಟ್ರೇಲಿಯಾದವರ ಫಿಶ್ ಎದುರು ದಿಕ್ಕಿಗೆ ಹೋಗಿ ಫೀಶ್ ಕಡೆ ವಾಲುತ್ತದೆ. ಎರಡೂ ದೇಶದವರು ಒಬ್ಬರನ್ನೊಬ್ಬರು ಕಾಡಿಸುವುದು ಮೀನು ಮತ್ತು ಆಲೂಗಡ್ಡೆಯ ಈ ಒಂದು ಪೊಟ್ಟಣ ಹಿಡಿದುಕೊಂಡೇ.

ಬ್ರೆಡ್‌ಕೇಕ್, ಲವ್?

ನಾನು ಶೆಫೀಲ್ಡ್‌ಗೆ ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಕೆಲಸದ ಮೊದಲ ವಾರ. ಮಧ್ಯಾಹ್ನ ಜಿಟಿಜಿಟಿ ಮಳೆ. ಟ್ರಾಮ್ ನಿಲ್ದಾಣದ ಪಕ್ಕದಲ್ಲಿ ಒಂದು ಸಣ್ಣ ಸ್ಯಾಂಡ್‌ವಿಚ್ ಅಂಗಡಿ. ಒಳಗೆ ಬಿಸಿ ಎಣ್ಣೆಯ ವಾಸನೆ, ಹಬೆ ಹಿಡಿದ ಗಾಜು, ಕಟ್ಟಡ ಕೆಲಸದವರ ಸಾಲು. ನನ್ನ ಸರದಿ ಬಂತು. ಮೊಟ್ಟೆ ಇಟ್ಟ ಬನ್ ಕೊಡಿ ಅಂದೆ. ಕೌಂಟರಿನ ಹಿಂದಿದ್ದ ಹೆಂಗಸಿಗೆ ಅರವತ್ತರ ಹತ್ತಿರದ ವಯಸ್ಸು. "ಬ್ರೆಡ್‌ಕೇಕ್, ಲವ್?" ಅಂದರು. ಕೇಕ್ ಬೇಡ ಅಂದೆ. ಅವರು ಮತ್ತೆ ಬ್ರೆಡ್‌ಕೇಕ್ ಅಂದರು. ನಾನು ಮತ್ತೆ ಕೇಕ್ ಬೇಡ ಅಂದೆ. ಹಿಂದಿನ ಸಾಲು ಸುಮ್ಮನಾಯಿತು. ಅವರು ಬುಟ್ಟಿಯಿಂದ ಒಂದನ್ನು ತೆಗೆದು, ಕೈಮೇಲೆ ಇಟ್ಟು, ನನ್ನ ಮುಖದ ಮುಂದೆ ಹಿಡಿದರು. ಅಂಗೈ ಅಗಲದ, ಮೆತ್ತಗಿನ, ಮೇಲೆ ಹಿಟ್ಟು ಉದುರಿದ ದುಂಡು ಬ್ರೆಡ್ಡು. "ಇದು ಬ್ರೆಡ್‌ಕೇಕ್" ಅಂದರು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ. ಆಮೇಲೆ "ಬುಟರ್?" ಅಂತ ಕೇಳಿದರು. ಧಾರವಾಡದ ಕಿವಿಗೆ ಬುಟ್ಟಿ ಅಂತ ಕೇಳಿಸಿತು. ರೊಟ್ಟಿ ಬುಟ್ಟಿ. ಒಂದು ಕ್ಷಣ ನನ್ನ ಅವ್ವನ ಅಡುಗೆಮನೆಯ ಮೂಲೆ ಕಣ್ಣ ಮುಂದೆ ಬಂತು. ಹೌದು ಅಂದೆ. ಅವರು ಧಾರಾಳವಾಗಿ ಬೆಣ್ಣೆ ಹಚ್ಚಿದರು.

ಆ ದುಂಡು ಬ್ರೆಡ್ಡಿಗೆ ಇಂಗ್ಲೆಂಡಿನಲ್ಲಿ ಊರಿಗೊಂದು ಹೆಸರು. ಆಮೇಲಿನ ವರ್ಷಗಳಲ್ಲಿ ಕೆಲಸಕ್ಕೆ ತಿರುಗಾಡುತ್ತಾ ಒಂದೊಂದಾಗಿ ಕಲಿತೆ. ಶೆಫೀಲ್ಡ್‌ನಿಂದ ದಕ್ಷಿಣಕ್ಕೆ ಒಂದು ತಾಸು ಹೋದರೆ ನಾಟಿಂಗ್‌ಹ್ಯಾಮ್. ಅಲ್ಲಿ ಅದು ಕಾಬ್, ಕೊಡುವವರು ಅಕ್ಕರೆಯಿಂದ ಕರೆಯಲು ಲವ್ ಬದಲು ಮಿ ಡಕ್ ಅನ್ನುತ್ತಾರೆ. ಕವೆಂಟ್ರಿಯಲ್ಲಿ ಅದೇ ಬ್ಯಾಚ್. ಬೆಟ್ಟ ದಾಟಿ ಪಶ್ಚಿಮಕ್ಕೆ ಮ್ಯಾಂಚೆಸ್ಟರ್‌ಗೆ ಹೋದರೆ ಬಾರ್ಮ್. ಪಶ್ಚಿಮ ಯಾರ್ಕ್‌ಶೈರ್‌ನ ಕೆಲವು ಊರುಗಳಲ್ಲಿ ಟೀಕೇಕ್, ಆದರೆ ಬೇರೆ ಕಡೆ ಟೀಕೇಕ್ ಅಂದರೆ ಒಣದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು. ನ್ಯೂಕಾಸಲ್‌ನಲ್ಲಿ ಚಪ್ಪಟೆಯಾದ, ಗಟ್ಟಿ ಒಡಲಿನ ಸ್ಟಾಟಿ. ಅಲ್ಲಿಯ ಆಡುಮಾತಿನಲ್ಲಿ ಸ್ಟಾಟ್ ಅಂದರೆ ಪುಟಿಯುವುದು. ಇಲ್ಲಿ ರೆಡಿಂಗ್‌ನಲ್ಲಿ ಬರೀ ರೋಲ್.

ಬಾರ್ಮ್ ಪದ ನನಗೆ ಬಹಳ ಇಷ್ಟ. ಬಿಯರ್ ಹುದುಗುವಾಗ ಮೇಲೆ ಬರುವ ನೊರೆಗೆ ಬಾರ್ಮ್ ಅನ್ನುತ್ತಿದ್ದರು. ಪೊಟ್ಟಣದ ಯೀಸ್ಟ್ ಬರುವ ಮೊದಲು ಆ ನೊರೆಯನ್ನೇ ತಂದು ಹಿಟ್ಟಿಗೆ ಹಾಕಿ ಉಬ್ಬಿಸುತ್ತಿದ್ದರು. ಆ ಕೆಲಸ ನಿಂತು ಎಷ್ಟೋ ಕಾಲವಾಯಿತು, ಆದರೆ ಮ್ಯಾಂಚೆಸ್ಟರ್‌ನಲ್ಲಿ ಬೆಳಿಗ್ಗೆ ತಿಂಡಿ ಕೊಳ್ಳುವ ಹುಡುಗ ಇವತ್ತಿಗೂ ಬಾರ್ಮ್ ಕೊಡಿ ಅನ್ನುತ್ತಾನೆ. ದೋಸೆಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದಿದೆಯಾ ಅಂತ ಬೆಳಿಗ್ಗೆ ಎದ್ದು ನೋಡುವ ಮನೆಯಲ್ಲಿ ಬೆಳೆದ ನನಗೆ ಈ ಹೆಸರು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

ಊಟದ ಹೊತ್ತಿನ ಹೆಸರುಗಳೂ ಹೀಗೇ. ಪಕ್ಕದ ಮನೆಯ ಅಜ್ಜಿ ಒಂದು ಭಾನುವಾರ ನಮ್ಮನ್ನು ಐದು ಗಂಟೆಗೆ ಟೀಗೆ ಕರೆದರು. ಚಹಾ, ಬಿಸ್ಕತ್ತು ಅಂದುಕೊಂಡು ನಾವು ನಾಲ್ಕಕ್ಕೆ ಮನೆಯಲ್ಲಿ ಉಪ್ಪಿಟ್ಟು ತಿಂದು ಹೋದೆವು. ಮೇಜಿನ ಮೇಲೆ ಚೀಸು ಮತ್ತು ಈರುಳ್ಳಿಯ ದೊಡ್ಡ ಪೈ, ಬೇಯಿಸಿದ ಆಲೂಗಡ್ಡೆ, ಬಟಾಣಿ, ಗ್ರೇವಿ. ನಾವು ಮಾಂಸ ತಿನ್ನುವುದಿಲ್ಲ ಅಂತ ಗ್ರೇವಿಯನ್ನೂ ಬೇರೆಯಾಗಿ ಮಾಡಿದ್ದರು. ಉತ್ತರದ ಬಹಳ ಮನೆಗಳಲ್ಲಿ ಟೀ ಅಂದರೆ ಸಂಜೆಯ ಊಟ, ಡಿನ್ನರ್ ಅಂದರೆ ಮಧ್ಯಾಹ್ನದ ಊಟ. ಎರಡು ಊಟ ಮಾಡಿದಂತೆ ಆಯಿತು, ಆದರೆ ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಆಮೇಲೆ ಅವರು "ಟೀ ಮ್ಯಾಶ್ ಮಾಡಲಾ?" ಅಂದರು. ಆಲೂಗಡ್ಡೆ ಮಸೆಯುವುದಕ್ಕೆ ಮ್ಯಾಶ್ ಅನ್ನುವುದು ಗೊತ್ತಿತ್ತು. ಚಹಾಪುಡಿಗೆ ಬಿಸಿನೀರು ಸುರಿದು ಇಳಿಯಲು ಬಿಡುವುದಕ್ಕೂ ಅಲ್ಲಿ ಮ್ಯಾಶ್ ಅನ್ನುತ್ತಾರೆ. ತೀರಿಹೋದ ತಮ್ಮ ಯಜಮಾನರು ಕಲ್ಲಿದ್ದಲ ಗಣಿಗೆ ಹೋಗುವಾಗ ಸ್ನ್ಯಾಪ್ ಕಟ್ಟಿಕೊಡುತ್ತಿದ್ದೆ ಅಂದರು. ಸ್ನ್ಯಾಪ್ ಅಂದರೆ ಗಣಿಯವರ ಬುತ್ತಿ. ಗಣಿಗಳು ಮುಚ್ಚಿ ಎಷ್ಟೋ ವರ್ಷವಾದರೂ ಅವರು ಆ ಪದ ಹೇಳುವಾಗ ಕೈ ಡಬ್ಬಿಯ ಮುಚ್ಚಳ ಒತ್ತುವ ಹಾಗೆ ಆಡಿತು.

ಅದೇ ಸಂಜೆ ಅವರು ಇನ್ನೊಂದು ವಿಷಯ ಹೇಳಿದರು. ಹದಿನೆಂಟರ ವಯಸ್ಸಿನಲ್ಲಿ ಅವರು ಟೆಲಿಫೋನ್ ಕೆಲಸಕ್ಕೆ ಸೇರಿದ್ದರಂತೆ. ಅಲ್ಲಿ ಮೇಲಿನವರು ಸರಿಯಾಗಿ ಮಾತಾಡು ಅಂತ ಹೇಳಿ ಕಪ್, ಬಟರ್, ಅಂಕಲ್ ಅನ್ನುವುದನ್ನು ಅಭ್ಯಾಸ ಮಾಡಿಸಿದರಂತೆ. "ದಿನವಿಡೀ ಹಾಗೆ ಮಾತಾಡಿ, ಮನೆಗೆ ಬಂದು ಕೋಟು ಬಿಚ್ಚಿದ ಹಾಗೆ ಅದನ್ನೂ ಬಿಚ್ಚಿ ಇಡುತ್ತಿದ್ದೆ" ಅಂದರು. ನಾನು ಸುಮ್ಮನೆ ಕೇಳಿಸಿಕೊಂಡೆ. ಅವತ್ತು ನನ್ನ ಮಗಳು ಹೊಟ್ಟೆಯಲ್ಲಿದ್ದಳು.

ಪದ ಬೇಗ, ಸ್ವರ ನಿಧಾನ

ಇಂಗ್ಲೆಂಡಿನಲ್ಲಿ ಇಂಥ ಪದಗಳನ್ನು ಕೂಡಿಡಲು ಒಂದು ದೊಡ್ಡ ಕೆಲಸ ನಡೆದಿತ್ತು. ಲೀಡ್ಸ್ ವಿಶ್ವವಿದ್ಯಾಲಯದ ಹ್ಯಾರಲ್ಡ್ ಆರ್ಟನ್ ಮತ್ತು ಸ್ವಿಟ್ಜರ್ಲೆಂಡಿನ ಯೂಜೆನ್ ಡೀತ್ ಸೇರಿ 1,300ಕ್ಕೂ ಜಾಸ್ತಿ ಪ್ರಶ್ನೆಗಳನ್ನು ಸಿದ್ಧಮಾಡಿದರು. 1950ರಿಂದ 1961ರವರೆಗೆ ಕ್ಷೇತ್ರಕಾರ್ಯದವರು 313 ಊರುಗಳಿಗೆ ಹೋದರು. ಹೆಚ್ಚಾಗಿ ಹಳ್ಳಿಯ ವಯಸ್ಸಾದವರ ಮನೆಗೇ ಹೋಗಿ ಕೂತು ಕೇಳಿದರು. ತಮ್ಮ ಬಾಯಿಂದ ಪದ ಬರಕೂಡದು ಅನ್ನುವ ಎಚ್ಚರ ಅವರಿಗೆ. ಹಾಗಾಗಿ ವಸ್ತು ತೋರಿಸಿ, ಇಲ್ಲವೇ ಅದರ ಕೆಲಸ ವಿವರಿಸಿ, ಇದಕ್ಕೆ ನೀವು ಏನನ್ನುತ್ತೀರಿ ಅಂತ ಕೇಳುತ್ತಿದ್ದರು. ನನಗೆ ಈ ಕೇಳುವ ರೀತಿ ಬಹಳ ಹಿಡಿಸುತ್ತದೆ. ಆ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ನನಗೆ ಬೇಕಿದ್ದದ್ದೂ ಇಷ್ಟೇ. ಯಾರನ್ನೂ ತಿದ್ದದೆ, ನೀವು ಇದಕ್ಕೆ ಏನನ್ನುತ್ತೀರಿ ಅಂತ ಕೇಳುವುದು.

ನನ್ನ ಯೋಚನೆಗೆ ಇನ್ನೊಂದು ಅಧ್ಯಯನ ಹತ್ತಿರ. ಕೆನಡಾದ ಭಾಷಾ ವಿಜ್ಞಾನಿ ಜ್ಯಾಕ್ ಚೇಂಬರ್ಸ್ 1992ರಲ್ಲಿ ಪ್ರಕಟಿಸಿದ್ದು. ಕೆನಡಾದಿಂದ ದಕ್ಷಿಣ ಇಂಗ್ಲೆಂಡಿಗೆ ಬಂದ ಎರಡು ಮನೆಗಳ ಆರು ಮಕ್ಕಳ ಮಾತನ್ನು ಅವರು ಗಮನಿಸಿದರು. ಹೊಸ ಜಾಗದಲ್ಲಿ ಪದಗಳು ಬೇಗ ಬದಲಾಗುತ್ತವೆ, ಉಚ್ಚಾರಣೆ ನಿಧಾನ ಅನ್ನುವುದು ಅವರಿಗೆ ಕಂಡದ್ದು. ವಯಸ್ಸಿನ ಲೆಕ್ಕವೂ ಇದೆ. ಏಳರೊಳಗೆ ಬಂದ ಮಗು ಹೊಸ ನುಡಿಯನ್ನು ಹೆಚ್ಚುಕಡಿಮೆ ಖಂಡಿತ ಕಲಿಯುತ್ತದೆ, ಹದಿನಾಲ್ಕು ದಾಟಿದವರು ಹೆಚ್ಚುಕಡಿಮೆ ಖಂಡಿತ ಪೂರ್ತಿ ಕಲಿಯುವುದಿಲ್ಲ. ನಡುವಿನವರು ಒಬ್ಬೊಬ್ಬರು ಒಂದೊಂದು ಥರ.

ದೊಡ್ಡವರ ಮಟ್ಟಿಗೆ ಇದು ಸರಿ ಅಂತ ನಾನು ನನ್ನ ಮೇಲೇ ನೋಡಿದ್ದೇನೆ, ಅದೂ ಕನ್ನಡದಲ್ಲಿ. ಧಾರವಾಡ ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಬಂದಾಗ ನನಗೆ ಇಪ್ಪತ್ತೆರಡು. ಉಳ್ಳಾಗಡ್ಡಿ ಒಂದು ವಾರದಲ್ಲಿ ಈರುಳ್ಳಿಯಾಯಿತು. ಬಳ್ಳೊಳ್ಳಿ ಬೆಳ್ಳುಳ್ಳಿಯಾಯಿತು. ತರಕಾರಿ ಗಾಡಿಯ ಮುಂದೆ ಬೇಗ ಕೆಲಸ ಆಗಬೇಕಲ್ಲ. ಆದರೆ ಬೆಣ್ಣಿ ಬೆಣ್ಣೆಯಾಗಲು, ಬದನಿಕಾಯಿ ಬದನೆಕಾಯಿಯಾಗಲು, ಮನಿ ಮನೆಯಾಗಲು ಎರಡು ವರ್ಷ ಬೇಕಾಯಿತು. ಕೊನೆಯ ಆ ಒಂದು ಸ್ವರ, ಇ ಹೋಗಿ ಎ ಬರುವುದು, ನಾಲಿಗೆಯ ಮೇಲಲ್ಲ, ಇನ್ನೂ ಒಳಗೆ ಎಲ್ಲೋ ಇತ್ತು. ಇಂಗ್ಲಿಷಿನಲ್ಲೂ ಹಾಗೇ ಆಯಿತು. ಬ್ರಿಂಜಾಲ್ ಬಿಟ್ಟು ಓಬರ್ಜೀನ್ ಅನ್ನಲು, ಕ್ಯಾಪ್ಸಿಕಂ ಬಿಟ್ಟು ಪೆಪ್ಪರ್ ಅನ್ನಲು, ಕರ್ಡ್ ಬಿಟ್ಟು ಯಾಗರ್ಟ್ ಅನ್ನಲು ನನಗೆ ಹದಿನೈದು ದಿನ ಸಾಕಾಯಿತು. ಸ್ವರಗಳು ಮಾತ್ರ ಇವತ್ತಿಗೂ ಧಾರವಾಡದವೇ.

ಬದನೆಕಾಯಿ ಹೆಸರು ಬಂತಲ್ಲ, ಅದರದೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾವು ಇಂಗ್ಲಿಷ್ ಅಂದುಕೊಂಡ ಬ್ರಿಂಜಾಲ್ ಪೋರ್ಚುಗೀಸರ ಬೆರಿಂಜೆಲಾದಿಂದ ಬಂದದ್ದು. ಇಂಗ್ಲೆಂಡಿನವರ ಓಬರ್ಜೀನ್ ಫ್ರೆಂಚರಿಂದ ಬಂದದ್ದು. ಎರಡೂ ಹಿಂದೆ ಹಿಂದೆ ಹೋದರೆ ಅರಬ್ಬಿಯಲ್ಲಿ, ಅದರಾಚೆ ಪರ್ಶಿಯನ್ನಿನಲ್ಲಿ ಕೂಡುತ್ತವೆ. ಅಲ್ಲಿಂದ ದಾರಿ ಭಾರತಕ್ಕೇ ಬರುತ್ತದೆ. ಮೂಲ ಬೇರು ದ್ರಾವಿಡದ್ದಿರಬಹುದು ಅನ್ನುವ ಭಾಷಾ ವಿದ್ವಾಂಸರೂ ಇದ್ದಾರೆ. ಅಮೆರಿಕದವರ ಎಗ್‌ಪ್ಲಾಂಟ್ ಮಾತ್ರ ಈ ಸಂಬಂಧಿಕರ ಪೈಕಿ ಅಲ್ಲ. ಮೊಟ್ಟೆಯಂಥ ಬಿಳಿ ಬದನೆ ನೋಡಿ ಇಟ್ಟ ಹೆಸರು ಅದು. ಇಲ್ಲಿಯ ಸೂಪರ್‌ಮಾರ್ಕೆಟ್‌ನಲ್ಲಿ ಓಬರ್ಜೀನ್ ಅಂತ ಬರೆದ ತಟ್ಟೆಯಿಂದ ಒಂದನ್ನು ಎತ್ತಿಕೊಂಡಾಗಲೆಲ್ಲ ನನಗೆ ಇಷ್ಟು ದಾರಿ ನೆನಪಾಗುತ್ತದೆ. ಎಣ್ಣೆಗಾಯಿ ಮಾಡಲು ಆ ದೊಡ್ಡ ಬದನೆ ಬರುವುದಿಲ್ಲ ಅನ್ನುವುದು ಬೇರೆ ವಿಷಯ.

ಮಗಳ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ ಆಯಿತು. ಅವಳು ಸ್ವರವನ್ನು ಬಿಟ್ಟುಕೊಟ್ಟಳು, ಪದವನ್ನು ಬಿಡಲಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿದ ಸಾಮಾನಿನ ಚೀಟಿಯಲ್ಲಿ ಇವತ್ತಿಗೂ ಅವಳ ಅಕ್ಷರದಲ್ಲಿ ಬ್ರೆಡ್‌ಕೇಕ್ 6 ಅಂತ ಇರುತ್ತದೆ. ಅಂಗಡಿಯ ಪೊಟ್ಟಣದ ಮೇಲೆ ರೋಲ್ ಅಂತ ದೊಡ್ಡದಾಗಿ ಬರೆದಿದ್ದರೂ ಅವಳಿಗೆ ಅದು ಬ್ರೆಡ್‌ಕೇಕೇ. ಇನ್ನೊಂದು ಪದವಿದೆ, ಬುಟಿ. ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ನಡುವೆ ಏನಾದರೂ ಇಟ್ಟರೆ ಉತ್ತರದಲ್ಲಿ ಅದು ಬುಟಿ. ಬಿಸಿ ಚಿಪ್ಸ್ ಇಟ್ಟರೆ ಚಿಪ್ ಬುಟಿ. ಆ ಪದ ಹುಟ್ಟಿದ್ದೇ ಬುಟರ್‌ನಿಂದ. ರೆಡಿಂಗ್‌ನವರು ಹೇಳಿದರೆ ಬಟಿ ಅನ್ನುತ್ತಾರೆ. ನನ್ನ ಮಗಳು ಹತ್ತು ಸಲ ಬಟರ್ ಅಂದರೂ ಚಿಪ್ ಬುಟಿಯನ್ನು ಬುಟಿ ಅಂತಲೇ ಅನ್ನುತ್ತಾಳೆ. ತಾಯಿಪದದ ಸ್ವರ ಬದಲಾಗಿದೆ, ಮಗುಪದದ ಸ್ವರ ಉಳಿದಿದೆ. ಒಂದನ್ನು ಅವಳು ಶಾಲೆಯಲ್ಲಿ ದಿನಾ ಆಡಬೇಕು. ಇನ್ನೊಂದನ್ನು ಮನೆಯಲ್ಲಿ, ಶುಕ್ರವಾರ ರಾತ್ರಿ, ನಮ್ಮ ಮುಂದೆ ಮಾತ್ರ.

ಇನ್ನೊಂದ್ಸಲ ಹೇಳು

ಸ್ವರ ಯಾಕೆ ಹೋಯಿತು ಅನ್ನುವುದು ಜೂನ್‌ನಲ್ಲಿ ಗೊತ್ತಾಯಿತು. ಮಲಗುವ ಹೊತ್ತು, ದೀಪ ಆರಿಸಿದ್ದೆ. ಕತ್ತಲಲ್ಲಿ ಅವಳೇ ಹೇಳಿದಳು. ಹೊಸ ಶಾಲೆಯ ಊಟದ ಕೋಣೆಯಲ್ಲಿ ಮೊದಲ ತಿಂಗಳು ಮೂರು ನಾಲ್ಕು ಮಕ್ಕಳು ದಿನಾ ಅವಳ ಪಕ್ಕ ಬಂದು ಕೂರುತ್ತಿದ್ದರಂತೆ. ಬುಟರ್ ಅಂತ ಹೇಳು. ಕುಪ್ ಅಂತ ಹೇಳು. ಇನ್ನೊಂದ್ಸಲ ಹೇಳು. ಅವಳು ಹೇಳುತ್ತಿದ್ದಳಂತೆ, ಅವರು ನಗುತ್ತಿದ್ದರಂತೆ. ಹತ್ತಿರ ನಿಂತ ದೊಡ್ಡವರೊಬ್ಬರೂ ನಕ್ಕರಂತೆ. "ಅವರು ಕೆಟ್ಟವರೇನಲ್ಲ ಅಮ್ಮ. ಆಮೇಲೆ ನನ್ನ ಫ್ರೆಂಡ್ಸ್ ಆದರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾನು ರಾತ್ರಿ ಕಂಬಳಿ ಒಳಗೆ ಪ್ರಾಕ್ಟೀಸ್ ಮಾಡ್ತಿದ್ದೆ" ಅಂದಳು.

ಇದು ಸಣ್ಣ ವಿಷಯ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಪಿಜಿಯಲ್ಲಿ ನನಗೂ ಇದೇ ಆಗಿತ್ತು. ರಾತ್ರಿ ಊಟದ ಹೊತ್ತಿಗೆ "ಏ, ಉಳ್ಳಾಗಡ್ಡಿ ಅನ್ನು. ಇನ್ನೊಂದ್ಸಲ ಅನ್ನು" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ, ಎಲ್ಲರ ಜೊತೆ ನಗುತ್ತಿದ್ದೆ. ಆಮೇಲೆ ಅವ್ವನಿಗೆ ಫೋನ್ ಮಾಡಲು ತಾರಸಿಗೆ ಹೋಗತೊಡಗಿದೆ. ಕೋಣೆಯಲ್ಲಿ ಮಾತಾಡಿದರೆ ನನ್ನ ಮನಿ, ಬೆಣ್ಣಿ, ರೊಟ್ಟಿ ಎಲ್ಲ ಬೇರೆಯವರಿಗೆ ಕೇಳಿಸುತ್ತದಲ್ಲ. ತಾರಸಿಯ ಮೇಲೆ ಗಾಳಿ ಜಾಸ್ತಿ. ಅವ್ವ "ಎಲ್ಲಿ ನಿಂತೀಯವ್ವಾ, ಏನೂ ಕೇಳಸವಲ್ದು" ಅನ್ನುತ್ತಿದ್ದಳು. ನೆಟ್‌ವರ್ಕ್ ಸರಿ ಇಲ್ಲ ಅಂತ ಸುಳ್ಳು ಹೇಳುತ್ತಿದ್ದೆ. ಹೆತ್ತ ತಾಯಿಗೆ ಆ ಸುಳ್ಳು ಹೇಳಿದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಮಗಳ ಕಂಬಳಿ, ನನ್ನ ತಾರಸಿ, ಪಕ್ಕದ ಮನೆಯ ಅಜ್ಜಿಯ ಕೋಟು. ಅವತ್ತು ರಾತ್ರಿ ಅವಳು ನಿದ್ದೆ ಹೋದ ಮೇಲೂ ನಾನು ಇವುಗಳನ್ನೇ ನೆನೆಯುತ್ತಾ ಹಾಸಿಗೆಯ ಅಂಚಿನಲ್ಲಿ ಕೂತಿದ್ದೆ. ಮಾರ್ಚ್‌ನ ಆ ಶನಿವಾರ ನನಗೆ ಕಡಿಮೆಯಾಗಿದೆ ಅನ್ನಿಸಿದ್ದು ಶೆಫೀಲ್ಡ್‌ನ ಒಂದು ಸ್ವರ ಮಾತ್ರ ಅಲ್ಲ. ಅವಳು ಒಬ್ಬಳೇ, ನಮಗೆ ಹೇಳದೆ, ಏನನ್ನೋ ಬಿಟ್ಟುಕೊಟ್ಟು ಬಂದಿದ್ದಳು. ತಾನಾಗಿ ಹೋಗಿದ್ದರೆ ನನಗೆ ಇಷ್ಟು ಕೊರಗು ಇರುತ್ತಿರಲಿಲ್ಲ. ಮಾತು ಬದಲಾಗುವುದು ಸಹಜ, ಬೆಂಗಳೂರಿನ ಬೆಣ್ಣೆ ಈಗ ನನ್ನದೂ ಹೌದು. ಮೈಸೂರು ಕಡೆಯ ಯಜಮಾನರ ಜೊತೆ ಹದಿನೈದು ವರ್ಷ ಬೆಣ್ಣೆ ಅಂದಿದ್ದೇನೆ. ಆದರೆ ನಗುವಿಗೆ ಹೆದರಿ ಬಿಟ್ಟದ್ದು ಬೇರೆ.

ಒಂದು ವಿಷಯ ಮಾತ್ರ ಸಮಾಧಾನ ಕೊಡುತ್ತದೆ. ಭಾನುವಾರ ಅವ್ವನ ಜೊತೆ ವಿಡಿಯೋದಲ್ಲಿ ಮಾತಾಡುವಾಗ ಮಗಳ ಕನ್ನಡ ತಾನಾಗಿ ತಿರುಗುತ್ತದೆ. ಅಪ್ಪನ ಹತ್ತಿರ ಬೆಣ್ಣೆ, ದೋಸೆ. ಅಜ್ಜಿಯ ಹತ್ತಿರ ಬೆಣ್ಣಿ, ದ್ವಾಸಿ. ಯಾರೂ ಕಲಿಸಿಲ್ಲ, ಕಂಬಳಿ ಒಳಗೆ ಅಭ್ಯಾಸವನ್ನೂ ಮಾಡಿಲ್ಲ. ಎದುರಿಗಿದ್ದ ಮುಖ ನೋಡಿದರೆ ಸಾಕು, ಸ್ವರ ಬರುತ್ತದೆ.

ಅಕ್ಟೋಬರ್ ರಜೆಯಲ್ಲಿ ಅವಳನ್ನು ಕರೆದುಕೊಂಡು ಶೆಫೀಲ್ಡ್‌ಗೆ ಹೋದೆ. ಪಕ್ಕದ ಮನೆಯ ಅಜ್ಜಿಯನ್ನು ನೋಡುವುದಿತ್ತು. ರೈಲು ಇಳಿದು ಮೊದಲು ಹೋದದ್ದು ಟ್ರಾಮ್ ನಿಲ್ದಾಣದ ಆ ಅಂಗಡಿಗೆ. ಬಣ್ಣ ಬದಲಾಗಿತ್ತು, ಕೌಂಟರಿನಲ್ಲಿ ಒಬ್ಬಳು ಚಿಕ್ಕ ಹುಡುಗಿ ನಿಂತಿದ್ದಳು. ಗಾಜಿನ ಮೇಲೆ ಅದೇ ಹಬೆ. "ನೀನೇ ಕೇಳು" ಅಂದೆ. ಮಗಳು ಮುಂದೆ ಹೋಗಿ ಚಿಪ್ ಬುಟಿ ಕೇಳಿದಳು, ಬ್ರೆಡ್‌ಕೇಕ್‌ನಲ್ಲಿ. ಹುಡುಗಿ ತಲೆ ಎತ್ತದೆ "ಬುಟರ್ ಹಚ್ಚಲಾ, ಲವ್?" ಅಂದಳು. ಮಗಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಹೌದು ಅಂದು, ಜಾಸ್ತಿ ಹಚ್ಚಿ ಅಂತ ಸೇರಿಸಿ, ಆ ಪದ ಹೇಳಿದಳು. ಅದು ಬಟರ್ ಅಲ್ಲ, ಬುಟರ್ ಕೂಡ ಅಲ್ಲ. ತುಟಿ ಅರ್ಧ ದುಂಡಾಗಿ ನಿಂತುಬಿಟ್ಟಂತೆ, ಎರಡರ ನಡುವಿನ ಒಂದು ದನಿ. ಉತ್ತರದಲ್ಲಿ ಹುಟ್ಟಿ ದಕ್ಷಿಣದ ಮಾತು ಕಲಿತ ಎಷ್ಟೋ ಜನ ಹಾಗೆ ನಡುವೆ ಆಡುತ್ತಾರೆ ಅಂತ ಓದಿದ್ದೆ, ನನ್ನ ಮನೆಯಲ್ಲೇ ಕೇಳುತ್ತೇನೆ ಅಂದುಕೊಂಡಿರಲಿಲ್ಲ. ಅದನ್ನು ಇಲ್ಲಿ ಬರೆದು ತೋರಿಸಬೇಕು ಅಂತ ಆಗಿನಿಂದ ನೋಡುತ್ತಿದ್ದೇನೆ. ಬ, ಬು, ಬೊ ಎಲ್ಲ ಹಾಕಿ ನೋಡಿದೆ. ಕನ್ನಡದ ಯಾವ ಗುಣಿತಾಕ್ಷರವೂ ಸರಿಯಾಗಿ ಕೂರಲಿಲ್ಲ.

ಹುಡುಗಿಗೆ ಮಾತ್ರ ಅರ್ಥವಾಗಿತ್ತು. ದಪ್ಪಗೆ ಹಚ್ಚಿ, ಕಾಗದದಲ್ಲಿ ಸುತ್ತಿ ಕೊಟ್ಟಳು. ನಾವು ಹೊರಗೆ ಬೆಂಚಿನ ಮೇಲೆ ಕೂತು ಅರ್ಧ ಅರ್ಧ ತಿಂದೆವು. ಬಿಸಿ ಚಿಪ್ಸಿಗೆ ಬೆಣ್ಣೆ ಕರಗಿ ಅವಳ ಮಣಿಕಟ್ಟಿನವರೆಗೂ ಇಳಿಯಿತು.